ಅಪ್ಪನ ಆರೈಕೆಗೆ ರಜೆ ಹಾಕಿದ್ದಕ್ಕೆ ಕೆಲಸದಿಂದ ತೆಗೆದರು: ಅಮೆರಿಕದ ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಮೂರು ವರ್ಷಗಳಿಂದ ಒಂದೇ ಕಂಪನಿಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಿದ್ದೆ. ನಮ್ಮ ಆಫೀಸಿನಲ್ಲೇ ಇನ್ನೂರು ಜನರಿದ್ದಾರೆ. ಹಾಸನದಲ್ಲಿ ಅಪ್ಪನಿಗೆ ಬೈಪಾಸ್ ಆದಾಗ ಐದು ವಾರ ರಜೆ ಕೇಳಿದೆ. ಊರಿನ ವೈದ್ಯರ ಪತ್ರ ನಡೆಯುವುದಿಲ್ಲ, ಅಮೆರಿಕದ ವೈದ್ಯರದೇ ಬೇಕು ಎಂದು ಎಚ್‌ಆರ್‌ನವರು ಹೇಳಿ, ಕೊನೆಗೆ ‘ಸ್ವಂತ ಕಾರಣದ ರಜೆ’ ಎಂದು ಬರೆದುಕೊಂಡರು. ಅಲ್ಲಿ ಆಸ್ಪತ್ರೆಯ ವಾರ್ಡಿನ ಹೊರಗೆ ಕುಳಿತು ರಾತ್ರಿ ಹತ್ತರ ಮೀಟಿಂಗುಗಳಿಗೂ ಸೇರಬೇಕಾಯಿತು. ಮರಳಿದ ಎಂಟನೇ ದಿನ, ‘ಲಭ್ಯತೆ ಸಾಲದು’ ಎಂದು ಬರೆದು ಕೆಲಸದಿಂದ ತೆಗೆದರು. ಈಗ ಒಂದು ಕಾಗದಕ್ಕೆ ಸಹಿ ಹಾಕಿದರೆ ಆರು ವಾರದ ಸಂಬಳ ಕೊಡುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ ಕಾಗದಕ್ಕೆ ಸದ್ಯ ಸಹಿ ಹಾಕಬೇಡಿ. ಮುಂದೆ ಬರಬಹುದಾದ ಹಕ್ಕನ್ನು ಯಾರೂ ನಿಮ್ಮಿಂದ ಬರೆಸಿಕೊಳ್ಳುವಂತಿಲ್ಲ. ಆದರೆ ಆಗಿಹೋದ ಅನ್ಯಾಯದ ಮೇಲಿನ ದಾವೆಯನ್ನು ಇಂಥ ಒಪ್ಪಂದದಲ್ಲಿ ನೀವೇ ಬಿಟ್ಟುಕೊಡಬಹುದು, ಬಹುಪಾಲು ಜನ ಎಡವುವುದು ಇಲ್ಲಿಯೇ.

ಇನ್ನು ಕಾನೂನಿನ ಮಾತು. 1993ರ ಎಫ್‌ಎಂಎಲ್‌ಎ (ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ) ಪ್ರಕಾರ, ಸುತ್ತಲಿನ 75 ಮೈಲಿಯೊಳಗೆ 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ 12 ತಿಂಗಳು ಪೂರೈಸಿ, ಕಳೆದ 12 ತಿಂಗಳಲ್ಲಿ 1,250 ಗಂಟೆ ದುಡಿದವರಿಗೆ, ತಂದೆ-ತಾಯಿಯ ಗಂಭೀರ ಕಾಯಿಲೆಯ ಆರೈಕೆಗಾಗಿ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆಯ ಹಕ್ಕಿದೆ. ವೀಸಾ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ರಜೆ ಕೇಳುವಾಗ ಕಾಯ್ದೆಯ ಹೆಸರು ಹೇಳಬೇಕೆಂದೂ ಇಲ್ಲ. ಅಪ್ಪನ ಶಸ್ತ್ರಚಿಕಿತ್ಸೆ ಎಂದು ತಿಳಿಸಿದ ಮೇಲೆ, ಐದು ಕೆಲಸದ ದಿನಗಳೊಳಗೆ ನಿಮ್ಮ ಅರ್ಹತೆಯನ್ನು ತಿಳಿಸಬೇಕಾದ್ದು ಕಂಪನಿಯ ಹೊಣೆ. ಹಾಸನದ ವೈದ್ಯರ ಪತ್ರದ ಬಗ್ಗೆ ಎಚ್‌ಆರ್ ಹೇಳಿದ್ದು ಶುದ್ಧ ತಪ್ಪು: ರೋಗಿ ಬೇರೆ ದೇಶದಲ್ಲಿದ್ದರೆ ಆ ದೇಶದ ವೈದ್ಯರ ಪ್ರಮಾಣಪತ್ರವನ್ನು ಒಪ್ಪಲೇಬೇಕೆಂದು ನಿಯಮವೇ ಹೇಳುತ್ತದೆ. ಪತ್ರ ಕನ್ನಡದಲ್ಲಿದ್ದರೆ, ಕೇಳಿದಾಗ ಇಂಗ್ಲಿಷ್ ಅನುವಾದ ಕೊಟ್ಟರೆ ಸಾಕು.

ರಜೆಯಲ್ಲಿದ್ದವರಿಂದ ಕೆಲಸ ಮಾಡಿಸುವುದು ಹಕ್ಕಿಗೆ ಅಡ್ಡಿಪಡಿಸಿದಂತೆ. ರಜೆಯನ್ನೇ ದೋಷವಾಗಿ ಎಣಿಸಿ ವಜಾ ಮಾಡುವುದು ಪ್ರತೀಕಾರ. ರಜೆ ಹಾಕದಿದ್ದರೂ ಈ ಹುದ್ದೆ ಹೋಗುತ್ತಿತ್ತು ಎಂದು ಕಂಪನಿ ವಾದಿಸಬಹುದು, ಆದರೆ ಅವರೇ ಬರೆದ ‘ಲಭ್ಯತೆ’ ಎಂಬ ಪದ ಆ ವಾದಕ್ಕೆ ಒಳ್ಳೆಯದಲ್ಲ. ಆ ಪತ್ರ, ರಜೆಯ ಇಮೇಲುಗಳು, ಮೀಟಿಂಗಿನ ಆಹ್ವಾನಗಳು ನಿಮ್ಮ ಬಳಿ ಇರುವಷ್ಟನ್ನೂ ಜೋಪಾನವಾಗಿಡಿ. ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿಯ ವಿಭಾಗಕ್ಕೆ ದೂರು ಕೊಡಬಹುದು, ಅಥವಾ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಗಡುವು ಎರಡು ವರ್ಷ, ಉಲ್ಲಂಘನೆ ಉದ್ದೇಶಪೂರ್ವಕವಾಗಿದ್ದರೆ ಮೂರು. ಗೆದ್ದರೆ ಕಳೆದುಕೊಂಡ ಸಂಬಳ, ಬಡ್ಡಿ, ಸಾಮಾನ್ಯವಾಗಿ ಅಷ್ಟೇ ಮೊತ್ತ ಇನ್ನೊಮ್ಮೆ, ವಕೀಲರ ಶುಲ್ಕ ದೊರೆಯುತ್ತವೆ. ಪಟ್ಟ ಸಂಕಟಕ್ಕೆ ಮಾತ್ರ ಈ ಕಾಯ್ದೆಯಲ್ಲಿ ಹಣವಿಲ್ಲ.

ಪ್ರಶ್ನೆ: ದೂರು ಕೊಟ್ಟರೆ ವೀಸಾ ಉಳಿಯುತ್ತದೆಯೇ?

ಉತ್ತರ: ಇಲ್ಲ. ಕೆಲಸ ಹೋದಂದಿನಿಂದ ನೀವು ಇಲ್ಲಿರಬಹುದಾದ್ದು ಗರಿಷ್ಠ 60 ದಿನ, ಅಥವಾ ಐ-94 (ಅಮೆರಿಕದಲ್ಲಿ ಎಂದಿನವರೆಗೆ ಇರಬಹುದೆಂದು ತೋರಿಸುವ ದಾಖಲೆ) ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅದು. ದೂರು ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಬೇರೆ ಕಂಪನಿಯ ಹುಡುಕಾಟವನ್ನೂ ವಲಸೆ ವಕೀಲರ ಭೇಟಿಯನ್ನೂ ಈ ವಾರವೇ ಆರಂಭಿಸಿ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ನನ್ನ ಅತ್ತೆಯವರ ಆರೈಕೆಗೆ ನನಗೆ ಈ ರಜೆ ಸಿಗುತ್ತದೆಯೇ ಮೇಡಂ?

ಉತ್ತರ: ಸಿಗುವುದಿಲ್ಲ, ಅತ್ತೆ-ಮಾವಂದಿರು ಈ ಕಾಯ್ದೆಯ ‘ತಂದೆ-ತಾಯಿ’ಯೊಳಗೆ ಬರುವುದಿಲ್ಲ; ಅರ್ಹತೆಯಿದ್ದರೆ ನಿಮ್ಮ ಪತಿ ಹಾಕಬಹುದು. ಆದರೆ ಚಿಕ್ಕಂದಿನಲ್ಲಿ ತಾಯಿಯ ಸ್ಥಾನದಲ್ಲಿ ನಿಂತು ನಿಮ್ಮನ್ನು ಸಾಕಿದ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಅವರಿಗಾಗಿ ನಿಮಗೂ ರಜೆಯುಂಟು, ಅದಕ್ಕೆ ನೀವು ಬರೆದುಕೊಡುವ ಸರಳ ಹೇಳಿಕೆಯೂ ಪುರಾವೆಯಾಗುತ್ತದೆ.