ಮಗಳು ಸಾಲ್ಯಾಗ ಯಾರ ಜೋಡಿನೂ ಬೆರೆಯಂಗಿಲ್ಲ ಅಂತಾರ, ಏನ್ ಮಾಡ್ಲಿ?

ಗದಗದ ಅಮ್ಮ:
ನಮಸ್ಕಾರ್ರಿ ಎಲ್ಲರಿಗೂ. ಮಗಳಿಗೆ 8 ವರ್ಷ, ಮೂರನೇ ಕ್ಲಾಸು. ನಮ್ಮ ಮನಿಯವರಿಗೆ ಟ್ರಾನ್ಸ್‌ಫರ್ ಆಗಿ ಜೂನ್‌ನಾಗ ಮೈಸೂರಿಗೆ ಬಂದೀವಿ. ಮೊನ್ನೆ ಮೀಟಿಂಗ್‌ನಾಗ ಮಿಸ್ಸು "ಓದೋದ್ರಲ್ಲಿ ಜಾಣೆ, ಆದ್ರೆ ಯಾರ ಜೊತೆನೂ ಬೆರೆಯಲ್ಲ, ಎಲ್ಲಾದ್ರೂ ತೋರಿಸಿ" ಅಂದ್ರು. ಮನ್ಯಾಗ ನೋಡಿದ್ರ ಅರಳು ಹುರದಂಗ ಮಾತಾಡ್ತಾಳ, ಅಜ್ಜಿಗೆ ಫೋನ್ ಹಚ್ಚಿದ್ರ ಇಡಂಗೇ ಇಲ್ಲ. ನೆಟ್‌ನಾಗ ಹುಡುಕಿದ್ರ ಆಟಿಸಂ ಅಂತ ಬರ್ತದ, ರಾತ್ರಿ ನಿದ್ದಿ ಬರವಲ್ದು. ಇದಕ್ಕ ಟೆಸ್ಟ್ ಏನರ ಅದ ಏನ್ರಿ?

ಪ್ರೈಮರಿ ಮೇಷ್ಟ್ರು:
ಗಾಬರಿ ಆಗ್ಬೇಡಿ ಅಮ್ಮ. "ಬೆರೆಯಲ್ಲ" ಅನ್ನೋ ಒಂದೇ ಮಾತಲ್ಲಿ ನಾವು ಟೀಚರ್‌ಗಳು ಮೂರು ಥರದ ಮಕ್ಕಳನ್ನ ಒಟ್ಟಿಗೆ ಕಟ್ಟಿಬಿಡ್ತೀವಿ. ಒಂದಕ್ಕೆ ತನ್ನ ಪಾಡಿಗೆ ಇರೋದೇ ಇಷ್ಟ, ಇನ್ನೊಂದಕ್ಕೆ ಆಸೆ ಇರುತ್ತೆ ಆದ್ರೆ ಆಟದೊಳಗೆ ನುಗ್ಗೋದು ಹೇಗೆ ಅಂತ ಗೊತ್ತಿರಲ್ಲ, ಮತ್ತೊಂದು ಹೋದ್ರೂ ಉಳಿದವರು ಸೇರಿಸ್ಕೊಳ್ಳಲ್ಲ. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ನಮ್ಮಲ್ಲೊಬ್ಬ ಹುಡುಗ ಲಗೋರಿ ಆಡೋರ ಚೆಂಡು ಕಿತ್ಕೊಂಡು ಓಡ್ತಿದ್ದ, ಎಲ್ಲರೂ ತರ್ಲೆ ಅಂತಿದ್ರು, ಅವನಿಗೆ "ನಾನೂ ಬರ್ಲಾ" ಅಂತ ಕೇಳೋಕೇ ಬರ್ತಿರಲಿಲ್ಲ ಅಷ್ಟೆ, ಅದನ್ನ ಹೇಳ್ಕೊಟ್ಟು ಕಲ್ಲು ಜೋಡಿಸೋ ಕೆಲಸ ಅವನಿಗೇ ಕೊಟ್ಟೆ, ಸರಿಹೋದ. ಪರ್ಮಿಷನ್ ತಗೊಂಡು ಊಟದ ಬ್ರೇಕಲ್ಲಿ ದೂರದಿಂದ ನೋಡಿ.

ಇಬ್ಬರು ಮಕ್ಕಳ ತಾಯಿ:
ಕಿವಿನೂ ಒಂದ್ಸಲ ತೋರಿಸಿ ಅಕ್ಕ. ನನ್ನ ಮಗನಿಗೆ ಕಿವಿಯೊಳಗೆ ನೀರು ತುಂಬಿ ಗಲಾಟೇಲಿ ಮಾತು ಸರಿಯಾಗಿ ಕೇಳ್ತಿರಲಿಲ್ಲ, ನಾವು ಕರೆದ್ರೂ ಬರಲ್ಲ ಅಂತ ಬೈತಿದ್ವಿ. ಮೈಸೂರಲ್ಲೇ ಇದೀರ, ಮಾನಸಗಂಗೋತ್ರಿ ಹತ್ರ ಆಯಿಷ್ ಇದೆ, ಮಾತು ಮತ್ತು ಕಿವಿ ಪರೀಕ್ಷೆ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ.

ಮಕ್ಕಳ ಕೌನ್ಸೆಲರ್:
ಎಸ್‌ಡಿಕ್ಯೂ ಅಂತ ಮಕ್ಕಳ ನಡವಳಿಕೆ, ಭಾವನೆ ಬಗ್ಗೆ ಕೇಳೋ 25 ಪ್ರಶ್ನೆಗಳ ಫಾರ್ಮ್ ಇದೆ, ತಂದೆ ತಾಯಿಗೊಂದು, ಟೀಚರ್‌ಗೊಂದು. ಅದರಲ್ಲಿ 5 ಪ್ರಶ್ನೆ ಓರಗೆಯ ಮಕ್ಕಳ ವಿಷಯಕ್ಕೇ: ಒಬ್ಬರಾದ್ರೂ ಒಳ್ಳೆ ಸ್ನೇಹಿತರಿದಾರಾ, ಬೇರೆ ಮಕ್ಕಳು ಕಾಟ ಕೊಡ್ತಾರಾ, ದೊಡ್ಡೋರ ಜೊತೆನೇ ಹೆಚ್ಚು ಹೊಂದ್ಕೋತಾಳಾ, ಹೀಗೆ. ನಿಮ್ಮ ಉತ್ತರ ಮಿಸ್ ಉತ್ತರ ಬೇರೆ ಬಂದ್ರೆ ಯಾರೋ ಸುಳ್ಳು ಅಂತಲ್ಲ, ಮಗು ಎರಡು ಕಡೆ ಎರಡು ಥರ ಇದೆ ಅಂತ, ಅದೇ ದೊಡ್ಡ ಸುಳಿವು. ಆದ್ರೆ ಫಾರ್ಮಿನ ಅಂಕ ನೋಡಿ ಕಾಯಿಲೆ ಹೆಸರು ಇಡೋಕಾಗಲ್ಲ. ಆಟಿಸಂ ಹೌದೋ ಅಲ್ವೋ ಅನ್ನೋಕೆ ಚಿಕ್ಕಂದಿನಿಂದ ಹೇಗಿದ್ಲು ಅಂತ ಕೂತು ಕೇಳಬೇಕು. ಗದಗದಲ್ಲಿ ಗೆಳತಿಯರಿದ್ರಾ? ರಾತ್ರಿ ತೀರಾ ಕಳವಳ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಗದಗದ ಅಮ್ಮ:
ಅಲ್ಲಿ ಓಣಿ ತುಂಬ ಗೆಳತ್ಯಾರು ಇದ್ರು. ನಿನ್ನೆ ಕಂಬದ ಮರಿಗೆ ನಿಂತು ನೋಡಿದೆ. ಡಬ್ಬಿ ಎದಿಗೆ ಅವಚಿಕೊಂಡು ಕುಂಟಾಬಿಲ್ಲೆ ಗೆರಿ ಬಾಜೂಕ ನಿಂತಿದ್ಲು, ಯಾರರ ಗೆರಿ ತುಳದ್ರ ಆಕೀ ತುಟಿ ಅಲ್ಲಾಡ್ತಿತ್ತು. ಕಡೀಕ "ನಾನೂ ಆಡಾಕ ಬರ್ಲೇನು" ಅಂದ್ಲು, ಹುಡುಗ್ಯಾರೆಲ್ಲ "ಆಡಾಕ, ಆಡಾಕ" ಅಂತ ನಕ್ರು, ಈಕಿ ಹೋಗಿ ನಳದ ಕಟ್ಟಿ ಮ್ಯಾಲ ಕುಂತ್ಲು. ಹೊಟ್ಟ್ಯಾಗ ಕಿವುಚಿದಂಗ ಆತ್ರಿ. ಮಿಸ್ಸಿಗೆ ಹೇಳೀನಿ, ಅವರಿಗೂ ಇದು ಗೊತ್ತಿರ್ಲಿಲ್ಲಂತ. ಸೋಮವಾರ ಇಬ್ಬರೂ ಕೂಡಿ ಫಾರ್ಮ್ ತುಂಬತೀವಿ, ಕಿವಿದೂ ತೋರಿಸ್ತೀನಿ.