ಚಾರ್ಲ್ಸ್ ಆಂಥನಿ ಮತ್ತು ಚಿಕ್ಕ ಪಾತ್ರಗಳ ಟೆನರ್‌ಗಳು

ಪ್ರಶ್ನೆ:
ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ (ಹಾಡುನಾಟಕ) ಸಂಸ್ಥೆಯ ಹಳೆಯ ಧ್ವನಿಮುದ್ರಣಗಳ ಪಾತ್ರವರ್ಗದ ಪಟ್ಟಿಯಲ್ಲಿ ಚಾರ್ಲ್ಸ್ ಆಂಥನಿ ಎಂಬ ಹೆಸರು ಕೆಳಸಾಲಿನಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ನಾಯಕನ ಪಾತ್ರ ದಕ್ಕದವರು ಮಾತ್ರ ಇಂತಹ ಪಾತ್ರಗಳಲ್ಲಿ ಉಳಿಯುತ್ತಾರೆಯೇ, ಅಥವಾ ಇದು ಬೇರೆಯದೇ ವಿದ್ಯೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಆಂಥನಿ 1929ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ಹುಟ್ಟಿದರು. ಅವರ ಹುಟ್ಟುಹೆಸರು ಕಲೋಜೆರೊ ಆಂಟೋನಿಯೊ ಕರೂಸೊ. ಕರೂಸೊ ಎಂಬ ಹೆಸರಿನ ಇನ್ನೊಬ್ಬ ಟೆನರ್ (ಎತ್ತರದ ಗಂಡುಕಂಠದ ಗಾಯಕ) ಅದೇ ರಂಗದ ಮೇಲೆ ನಿಂತರೆ ಖ್ಯಾತ ಟೆನರ್ ಎನ್ರಿಕೊ ಕರೂಸೊ ಅವರೊಂದಿಗಿನ ಹೋಲಿಕೆ ತಪ್ಪದೆಂದು, ಆಗಿನ ಮುಖ್ಯಸ್ಥ ರುಡಾಲ್ಫ್ ಬಿಂಗ್ ಹೆಸರು ಬದಲಿಸಲು ಒಪ್ಪಿಸಿದರು. 1954ರ ಮಾರ್ಚ್‌ನಲ್ಲಿ 'ಬೋರಿಸ್ ಗೊಡುನೊವ್' ಒಪೆರಾದ ಮರುಳನಾಗಿ ಅಲ್ಲಿ ಮೊದಲ ಬಾರಿ ಹಾಡಿದವರು, 2010ರ ಜನವರಿಯಲ್ಲಿ 'ತುರಾಂದೋತ್'ನ ವೃದ್ಧ ಚಕ್ರವರ್ತಿ ಆಲ್ತೌಮ್‌ನಾಗಿ ಕೊನೆಯ ಬಾರಿ ಹಾಡಿದರು. ಈ ನಡುವಿನ ಪ್ರದರ್ಶನಗಳ ಸಂಖ್ಯೆ 2,928. ಅಲ್ಲಿ ಅದುವರೆಗೆ ಬೇರಾವ ಏಕಗಾಯಕರೂ ಅಷ್ಟು ಬಾರಿ ಹಾಡಿರಲಿಲ್ಲ. ಐದು ದಶಕಗಳಿಗೂ ಮೀರಿ ಒಂದೇ ಸಂಸ್ಥೆ ಒಬ್ಬರನ್ನು ಕರೆಯುತ್ತಲೇ ಇತ್ತೆಂದರೆ ಅದನ್ನು ಸೋಲೆನ್ನಲು ನನಗೆ ಮನಸ್ಸು ಬಾರದು.

ಉತ್ತರ 2:
ಇದು ಖಂಡಿತವಾಗಿ ಬೇರೆಯದೇ ವಿದ್ಯೆ. 'ತೋಸ್ಕಾ' ಒಪೆರಾದ ಎರಡನೆಯ ಅಂಕದಲ್ಲಿ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನ ಕೈಕೆಳಗಿನ ಸ್ಪೊಲೆತ್ತಾನನ್ನು ಗಮನವಿಟ್ಟು ಕೇಳಿ. ಓಡಿಹೋದ ಕೈದಿಯನ್ನು ಹಿಡಿಯಲಾಗದೆ ಮರಳಿದ ಅವನು, ಸ್ಕಾರ್ಪಿಯಾನ ಕೋಪಕ್ಕೆ ನಡುಗುತ್ತಲೇ ವರದಿಯೊಪ್ಪಿಸಬೇಕು. ಆ ಭಯ ಧ್ವನಿಯಲ್ಲಿ ಕೇಳಿಸಬೇಕು, ಆದರೆ ಒಂದು ಅಕ್ಷರವೂ ಮಸುಕಾಗಬಾರದು. ಮುಂದೆ ಪಕ್ಕದ ಕೋಣೆಯಲ್ಲಿ, ಕೈದಿಯನ್ನು ಅಡಗಿಸಿದ ಚಿತ್ರಕಾರನಿಗೆ ಚಿತ್ರಹಿಂಸೆ ನಡೆಯುತ್ತಿರುವಾಗ ಅದೇ ಸ್ಪೊಲೆತ್ತಾ ಅಂತಿಮ ತೀರ್ಪನ್ನು ನೆನೆಸುವ ಲ್ಯಾಟಿನ್ ಪ್ರಾರ್ಥನೆಯ ಸಾಲನ್ನು ಗೊಣಗುತ್ತಾನೆ. ಅಲ್ಲಿ ಟೆನರ್ ತನ್ನ ಕಂಠವನ್ನು ಮೆರೆಸಿದರೆ ದೃಶ್ಯವೇ ಕೆಡುತ್ತದೆ. 1962ರಲ್ಲಿ ವಾದ್ಯವೃಂದ ನಿರ್ದೇಶಕ ಕರಾಯನ್ ಅವರ ನಿರ್ದೇಶನದಲ್ಲಿ ಮುದ್ರಿತವಾದ 'ತೋಸ್ಕಾ'ದಲ್ಲಿ ಈ ಪಾತ್ರವನ್ನು ಹಾಡಿದವರು ಪಿಯೆರೊ ದೆ ಪಾಲ್ಮಾ. ಅವರೂ ಇಂತಹ ಪಾತ್ರಗಳಿಗೇ ಹೆಸರಾದವರು.

ಉತ್ತರ 3:
ಮೇಲಿನ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ನಾಯಕನಿಗೆ ಮೊದಲ ಅಂಕದಲ್ಲಿ ಧ್ವನಿ ಕೂಡದಿದ್ದರೆ ಮೂರನೆಯ ಅಂಕದಲ್ಲಿ ಸರಿಪಡಿಸಿಕೊಳ್ಳುವ ಅವಕಾಶವಿರುತ್ತದೆ. ಪ್ರಾಚೀನ ಈಜಿಪ್ಟಿನಲ್ಲಿ ನಡೆಯುವ 'ಐದಾ' ಒಪೆರಾದ ದೂತನಿಗೆ ಆ ಅನುಕೂಲವಿಲ್ಲ. ಇಥಿಯೋಪಿಯದ ಸೇನೆ ಗಡಿ ದಾಟಿ ಬಂದಿದೆ ಎಂಬ ಸುದ್ದಿಯನ್ನು ತುಂಬಿದ ರಾಜಸಭೆಯೆದುರು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಬೇಕು, ಆಮೇಲೆ ಅವನಿಗೆ ಹಾಡಲು ಏನೂ ಉಳಿದಿರುವುದಿಲ್ಲ. ಮುಂದಿನ ಯುದ್ಧ, ಸೆರೆಯಲ್ಲಿರುವ ಇಥಿಯೋಪಿಯದ ರಾಜಕುಮಾರಿ ಐದಾಳ ಸಂಕಟ, ಅವಳು ಪ್ರೀತಿಸುವ ಈಜಿಪ್ಟಿನ ವೀರ ರಾದಮೆಸ್‌ನ ಸೇನಾಧಿಪತ್ಯ ಎಲ್ಲಕ್ಕೂ ಆ ಸಾಲುಗಳೇ ಕಾರಣ.