ಕ್ರೂಸ್ ಹಾರಾಟದಲ್ಲಿ ಮ್ಯಾನಿಫೋಲ್ಡ್ ಒತ್ತಡ, ಆರ್‌ಪಿಎಂ: ಯಾವ ಜೋಡಿ ಮಿತವ್ಯಯದ್ದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಲಗುಗಳ ಕೋನ ಬದಲಾಗದ ಪ್ರೊಪೆಲ್ಲರಿನ ಸೆಸ್ನಾ 172 ವಿಮಾನ ಬಿಟ್ಟು, ಥ್ರಾಟಲ್ ಮತ್ತು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಬೇರೆಬೇರೆಯಾಗಿ ಹೊಂದಿಸಬಹುದಾದ 182ಟಿ ಹಾರಿಸಲು ಈಗ ಕಲಿಯುತ್ತಿದ್ದೇನೆ. ಮ್ಯಾನಿಫೋಲ್ಡ್ ಒತ್ತಡದ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ, ಪಾದರಸದ ಇಂಚುಗಳಲ್ಲಿ) ಇಂಚುಗಳು ಆರ್‌ಪಿಎಂನ ನೂರುಗಳನ್ನು ಮೀರಬಾರದು, ಅಂದರೆ 2200 ಆರ್‌ಪಿಎಂ ಇದ್ದಾಗ 22 ಇಂಚೇ ಗರಿಷ್ಠ ಎಂದು ಹಲವರು ಹೇಳುತ್ತಾರೆ. ಆದರೆ ಕೈಪಿಡಿಯ ಕ್ರೂಸ್ (ಏರಿಕೆಯ ನಂತರದ ಸಮತಟ್ಟು ಹಾರಾಟ) ಕೋಷ್ಟಕವು ಕಡಿಮೆ ಆರ್‌ಪಿಎಂಗಳಿಗೆ ಅದಕ್ಕಿಂತ ಹೆಚ್ಚಿನ ಒತ್ತಡವನ್ನೂ ಕೊಟ್ಟಿದೆ. ಒಂದೇ ಶಕ್ತಿಯನ್ನು ಎರಡು ಬಗೆಯಲ್ಲಿ ಪಡೆಯಬಹುದಾದಾಗ, ಎಂಜಿನ್ನಿಗೆ ತೊಂದರೆಯಾಗದಂತೆ ಇಂಧನ ಉಳಿಸುವುದು ಯಾವುದು?

ಉತ್ತರ 1

ಆ ಸೂತ್ರ ಟೇಕಾಫ್‌ನಲ್ಲೇ ಮುರಿದುಬೀಳುತ್ತದೆ. 182ಟಿಯ ಲೈಕಮಿಂಗ್ ಐಒ-540 ಎಂಜಿನ್ 2400 ಆರ್‌ಪಿಎಂನಲ್ಲಿ 230 ಅಶ್ವಶಕ್ತಿ ಕೊಡುತ್ತದೆ; ಸಮುದ್ರಮಟ್ಟದಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಒತ್ತಡ 28 ಇಂಚನ್ನು ದಾಟುತ್ತದೆ. ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣದಲ್ಲೂ ಅದು 24ಕ್ಕಿಂತ ಹೆಚ್ಚೇ ಇರುತ್ತದೆ. ತಯಾರಕರೇ ಒಪ್ಪಿದ ಸ್ಥಿತಿಯನ್ನು ಅಪಾಯವೆನ್ನಲಾಗದು.

ಎಂಜಿನ್ ವೇಗವಾಗಿ ತಿರುಗಿದಷ್ಟೂ ಒಳಗಿನ ಘರ್ಷಣೆಗೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ; ಅರೆ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆದುಕೊಳ್ಳುವ ಶ್ರಮವೂ ನಷ್ಟವೇ. ಆದ್ದರಿಂದ ಅಷ್ಟೇ ಶಕ್ತಿಯನ್ನು ಕಡಿಮೆ ಆರ್‌ಪಿಎಂ ಮತ್ತು ಹೆಚ್ಚು ತೆರೆದ ಥ್ರಾಟಲ್‌ನಿಂದ ಪಡೆದರೆ ಸಾಮಾನ್ಯವಾಗಿ ಇಂಧನ ಉಳಿಯುತ್ತದೆ, ಕ್ಯಾಬಿನ್ನಿನ ಸದ್ದೂ ತಗ್ಗುತ್ತದೆ. 1944ರಲ್ಲಿ ನ್ಯೂಗಿನಿಯಲ್ಲಿ ಖ್ಯಾತ ಅಮೆರಿಕನ್ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ಪಿ-38 ಯುದ್ಧವಿಮಾನಗಳ ಪೈಲಟ್‌ಗಳಿಗೆ ಇದನ್ನೇ ಕಲಿಸಿದರು: ಆರ್‌ಪಿಎಂ ಇಳಿಸಿ, ಒತ್ತಡ ಏರಿಸಿ, ಗಾಳಿ-ಇಂಧನ ಮಿಶ್ರಣವನ್ನು ತೆಳುವಾಗಿಸಿ (ಇಂಧನದ ಪಾಲು ತಗ್ಗಿಸಿ). ಎಂಜಿನ್ ಹಾಳಾದೀತೆಂಬ ಭಯ ಅಂದಿನ ಪೈಲಟ್‌ಗಳಿಗೂ ಇತ್ತು. ಆದರೂ ಅವರ ವಿಮಾನಗಳ ವ್ಯಾಪ್ತಿ ಗಣನೀಯವಾಗಿ ಹೆಚ್ಚಿತು.

ಆದರೆ ಕೋಷ್ಟಕದ ಅಂಚನ್ನು ದಾಟಬೇಡಿ, ಏಕೆಂದರೆ ಅದರಾಚೆ ಡಿಟೋನೇಷನ್ (ಸಿಲಿಂಡರಿನಲ್ಲಿ ಮಿಶ್ರಣ ಸ್ಫೋಟದಂತೆ ಉರಿಯುವುದು) ಸಾಧ್ಯತೆಯಿದೆ. ಶಕ್ತಿ ಏರಿಸುವಾಗ ಮೊದಲು ಆರ್‌ಪಿಎಂ, ಆಮೇಲೆ ಥ್ರಾಟಲ್. ಇಳಿಸುವಾಗ ಮೊದಲು ಥ್ರಾಟಲ್.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಜೋಡಿಯ ಆಯ್ಕೆಯಿಂದ ಆಗುವ ಉಳಿತಾಯ ಚಿಕ್ಕದು. ದೊಡ್ಡದು ಶೇಕಡಾವಾರು ಶಕ್ತಿ (ಗರಿಷ್ಠ ಶಕ್ತಿಯ ಎಷ್ಟು ಪಾಲು ಬಳಸುತ್ತೇವೆ) ಮತ್ತು ಮಿಶ್ರಣದಲ್ಲಿದೆ. ಕ್ರೂಸ್ ವೇಗಗಳಲ್ಲಿ ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಶೇ. 75ರಿಂದ 65ಕ್ಕೆ ಇಳಿದರೆ ಶಕ್ತಿಯಲ್ಲಿ ಶೇ. 13ರಷ್ಟು ಉಳಿಯುತ್ತದೆ, ವೇಗದಲ್ಲಿ ಹೋಗುವುದು ಶೇ. 5ರಷ್ಟು ಮಾತ್ರ.

ಶೇ. 75 ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ನಿಷ್ಕಾಸ ಅನಿಲದ ತಾಪಮಾನದ ಶಿಖರದವರೆಗೆ ಲೀನ್ ಮಾಡಲು (ಮಿಶ್ರಣ ತೆಳುವಾಗಿಸಲು) ಲೈಕಮಿಂಗ್ ಅನುಮತಿಸುತ್ತದೆ. ಗರಿಷ್ಠ ಮಿತವ್ಯಯದ ಬಿಂದು ಅದೇ. ಹಾಗೆ ಹಾರುವಾಗ ಸಿಲಿಂಡರ್ ಹೆಡ್ ತಾಪಮಾನದ ಮೇಲೆ ಕಣ್ಣಿರಲಿ. ಮಿತಿ 500 ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ, ಬಾಳಿಕೆಯ ದೃಷ್ಟಿಯಿಂದ ಮಿತವ್ಯಯದ ಕ್ರೂಸ್‌ನಲ್ಲಿ 400ರೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ದುಬಾರಿ ಎಂಜಿನ್ನಿನ ವಿಷಯದಲ್ಲಿ ಈ ಎಚ್ಚರಿಕೆಯನ್ನು ನಾನು ಎಂದಿಗೂ ಸಡಿಲಿಸುವುದಿಲ್ಲ.

ಉತ್ತರ 3

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಲವಾದ ಎದುರುಗಾಳಿಯಲ್ಲಿ ತೀರಾ ನಿಧಾನವಾಗಿ ಹಾರಿದರೆ ಗಂಟೆಗೆ ಖರ್ಚಾಗುವ ಗ್ಯಾಲನ್‌ಗಳು ಕಡಿಮೆಯಾದರೂ ಪ್ರತಿ ಮೈಲಿನ ಖರ್ಚು ಏರಬಹುದು. ಅಂಥ ದಿನ ಶಕ್ತಿಯನ್ನು ತುಸು ಹೆಚ್ಚಿಸಿ. ಹಿಂಗಾಳಿ ಇದ್ದಾಗ ಶೇ. 55ರ ಸಾಲನ್ನೂ ಪರಿಶೀಲಿಸಿ. ಕೋಷ್ಟಕದ ವೇಗಕ್ಕೆ ಆ ದಿನದ ಗಾಳಿಯನ್ನು ಕೂಡಿಸಿಯೋ ಕಳೆದೋ, ಬಂದುದನ್ನು ಗಂಟೆಯ ಇಂಧನದಿಂದ ಭಾಗಿಸಿದರೆ ಯಾವ ಸಾಲು ಲಾಭದಾಯಕವೆಂದು ಹೊರಡುವ ಮೊದಲೇ ತಿಳಿಯುತ್ತದೆ.